ನನ್ನ ಗಂಡನನ್ನು ತೇಲಿಸುತ್ತಲೇ ಇರುವ ಕನ್ನಡಕಕ್ಕೆ

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ನೆಂಟರಿಗೆ ಗಂಜಿ ಕಾಸಿದೆ, ಮಧ್ಯಾಹ್ನ ಶಾಲೆಗೆ ಹೋಗಿ ತಮ್ಮನ್ನು ಕಂಡೆ, ಬಂದು ಒಣಹಾಕಿದ್ದ ಒಮೆನಾ ಮೀನನ್ನು ಎತ್ತಿಟ್ಟೆ.

ನಮ್ಮೂರ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ರಾರಾಜಿಸುತ್ತಾ, ಕಟ್ಟಿಕೊಂಡವರ ಕಣ್ಣಿಗೆ ಇಲ್ಲದ ಲೋಕವನ್ನೇ ತೋರಿಸುವ ಮಾನ್ಯ ವಿಆರ್ ಕನ್ನಡಕದವರೇ, ತಮ್ಮ ಪಟ್ಟಿ ಸಡಿಲವಾಗದಿರಲಿ, ಬ್ಯಾಟರಿ ತುಂಬಿರಲಿ, ಗಾಜಿಗೆ ಯಾರ ಎಣ್ಣೆಗೈಯೂ ತಾಗದಿರಲಿ ಎಂದು ಹಾರೈಸಿ, ಮೀನುಗಾರ ಒಗೊಲಾನ ಹೆಂಡತಿಯಾದ ನಾನು ಈ ದೂರನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ಕಳೆದ ತಿಂಗಳು ವಿಕ್ಟೋರಿಯಾ ಸರೋವರದ ಗಾಳಿಗೆ ನನ್ನ ಗಂಡನ ದೋಣಿ ಮಗುಚಿತು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೆಣ ಸಿಗದವನ ಬದಲಿಗೆ ಯಾಗೊ ಮರದ ಉದ್ದನೆಯ ಕಾಯಿಯನ್ನು ಹೂಳುವುದು ನಮ್ಮ ಪದ್ಧತಿ. ಕಾಯಿಯೂ ಬಂತು, ಮಣ್ಣಿಗೆಂದು ನೆಂಟರೂ ಬಂದಿಳಿದರು. ಅಷ್ಟರಲ್ಲಿ ಮೇಷ್ಟ್ರು ಓಲಾಂಗ್ ಅವರು, ಮಕ್ಕಳಿಗೆ ಕಂಪ್ಯೂಟರಿನಲ್ಲಿ ವಿಜ್ಞಾನ ಕಲಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗದೆಂದು, ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ, ನೀಲಿಯದು ಗಾಳಿ, ಹಸಿರಿನದು ನೀರಿನ ಸೆಳೆತ, ಹಳದಿ ಚುಕ್ಕಿ ನನ್ನ ಗಂಡ ಎಂದು ಗೊತ್ತುಮಾಡಿ, ಅವನು ತೇಲಿರಬಹುದಾದ ಒಂದೊಂದು ಜಾಗಕ್ಕೂ ಒಂದೊಂದು ಚುಕ್ಕಿಯಿಟ್ಟು, ಕನ್ನಡಕದವರೇ, ತಮ್ಮೊಳಗೆ ತೋರಿಸತೊಡಗಿದರು.

ತಮ್ಮ ಉದಾರತೆಯನ್ನು ಎಷ್ಟು ಹೊಗಳಿದರೂ ಸಾಲದು. ಬದುಕಿದ್ದಾಗ ಒಬ್ಬನೇ ಇದ್ದ ಗಂಡನನ್ನು ಸಾವಿರ ಮಾಡಿಕೊಟ್ಟಿರಿ. ಆ ಒಬ್ಬನೇ ಊಟದ ಹೊತ್ತಿಗೆ ಮನೆಗೆ ಬಾರದಿದ್ದುದಕ್ಕೆ ಕೂಗಾಡುತ್ತಿದ್ದ ನನಗೆ ಇದು ತುಸು ಹೆಚ್ಚೇ ಆಯಿತು. ಒಂದು ಸಲ ಜೊಂಡಿನಲ್ಲಿದ್ದಾನೆ ಎಂದಿರಿ, ಮರುಸಲ ಉಗಾಂಡದ ಕಡೆ ಎಂದಿರಿ. ದೋಣಿಗಳು ಹೋಗಿ ಬರಿಗೈಯಲ್ಲಿ ಬಂದವು. ನಮ್ಮತ್ತೆ ತಮ್ಮನ್ನು ಮುಖಕ್ಕೆ ಕಟ್ಟಿಕೊಂಡು, ಕಾಲಡಿ ಸಿಮೆಂಟಿನ ನೆಲವಿದೆ ಎಂಬುದನ್ನು ಮರೆತು, ಬಟ್ಟೆಯನ್ನು ಮೊಣಕಾಲಿಗೆತ್ತಿ, "ಲೋ ಒಗೊಲಾ, ಸಾಕು ಬಾರೋ, ನೆಂಟ್ರು ನಮ್ಮ ಕೋಳಿಗಳನ್ನೆಲ್ಲ ಮುಗಿಸ್ತಾ ಇದಾರೆ" ಎಂದು ಕರೆದರು. ಅವನ ದೊಡ್ಡಪ್ಪ, "ಅವ್ನು ಇದರೊಳಗೇ ಇದಾನೆ ಅಂದ್ಮೇಲೆ ಕಾಯಿ ಯಾಕೆ, ಇದನ್ನೇ ಹೂಳೋಣ" ಎಂದು ತಮ್ಮನ್ನು ಬಗಲಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಮೇಷ್ಟ್ರು ಹಿಂದೆ ಓಡಿ, "ದೊಡ್ಡೋರೆ, ಅದು ಶಾಲೆ ಸೊತ್ತು" ಎಂದಾಗ, "ಅವ್ನು ನಮ್ಮ ಸೊತ್ತು ಕಣಯ್ಯ" ಎಂದರು. ಗೇಟಿನ ಬಳಿ ಬಹಳ ಹೊತ್ತು ಎಳೆದಾಟವಾಯಿತು. ತಾವು ಒಂದು ಮಾತೂ ಆಡಲಿಲ್ಲ. ಅಷ್ಟು ಸಂಯಮ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಇಷ್ಟಾದರೂ ನಾನು ದೂರುತ್ತಿರಲಿಲ್ಲ. ಆದರೆ ನನ್ನ ಮೈದುನ ಒಬುರಾ, "ಮಷೀನು ಇನ್ನೂ ಹುಡುಕ್ತಾ ಇದೆ ಅತ್ತಿಗೆ, ಹೆಂಗೆ ಹೂಳೋದು?" ಎಂದು ಮಣ್ಣುಮಾಡುವುದನ್ನು ಮುಂದೂಡುತ್ತಲೇ ಬಂದ. ಮಣ್ಣಾಗದ ಹೊರತು ವಿಧವೆಯ ಕಟ್ಟಳೆಗಳು ಮುಗಿಯುವ ಮಾತಿರಲಿ, ಶುರುವೇ ಆಗುವುದಿಲ್ಲ. ಅವು ಮುಗಿಯುವ ತನಕ ನಾನು ಯಾರ ಮನೆಯಂಗಳಕ್ಕೂ ಕಾಲಿಡುವಂತಿಲ್ಲ. ಪಕ್ಕದೂರಿನಲ್ಲಿ ಮಗಳು ಹೆತ್ತಿದ್ದಾಳೆ. ಹೆಣ್ಣುಮಗುವಂತೆ. ಶಾಲೆ ಯಾರ ಮನೆಯೂ ಅಲ್ಲವಾದ್ದರಿಂದ ತಮ್ಮ ಮುಖವನ್ನು ಎಷ್ಟು ಸಲ ಬೇಕಾದರೂ ನೋಡಬಹುದು, ಮೊಮ್ಮಗಳದನ್ನು ನೋಡುವಂತಿಲ್ಲ.

ಆದಕಾರಣ ಆ ಸಾವಿರದಲ್ಲಿ ಯಾರಾದರೂ ಒಬ್ಬನನ್ನು ಒದ್ದೆಬಟ್ಟೆಯಲ್ಲೇ ಮನೆಗೆ ಕಳುಹಿಸಿಕೊಡಬೇಕು, ಆಗದಿದ್ದರೆ ಎಲ್ಲರನ್ನೂ ಒಂದೇ ಸಲ ಮುಳುಗಿಸಬೇಕು ಎಂದು ಕೇಳಿಕೊಳ್ಳಲು ಇಂದು ಒಬುರಾನನ್ನೂ ಕರೆದುಕೊಂಡು ಬಂದೆ. ಅಕೇಯೊ ಎಂಬ ವಿದ್ಯಾರ್ಥಿನಿ, "ಅಮ್ಮಾ, ಇದು ಏನೂ ಹುಡುಕ್ತಿಲ್ಲ. ಈ ಕಿತ್ತಳೆ ತುಂಡು 'ಮತ್ತೆ ಮತ್ತೆ' ಅಂತಿರೋವರೆಗೂ ಚುಕ್ಕಿ ತೇಲ್ತಾನೇ ಇರುತ್ತೆ, ಅಷ್ಟೇ" ಎಂದಳು. ಹೇಗೆ ತೆಗೆಯುವುದೆಂದು ತೋರಿಸಿದಳು. ಮೈದುನನಿಗೆ ತಮ್ಮನ್ನು ಕಟ್ಟಿ, ಆ ತುಂಡನ್ನು ನಾನೇ ಎಳೆದು ಹೊರಗಿಟ್ಟೆ. ಪರದೆಯ ಮೇಲೆ ಚುಕ್ಕಿಗಳೆಲ್ಲ ಇದ್ದಲ್ಲೇ ನಿಂತವು. ಒಬುರಾ ಬಹಳ ಹೊತ್ತು ತಮ್ಮನ್ನು ಮುಖದಿಂದ ತೆಗೆಯಲಿಲ್ಲ. ತೆಗೆದಾಗ ತಮ್ಮ ಒಳಗಿನ ಮೆತ್ತೆ ಒದ್ದೆಯಾಗಿತ್ತು. ಮೇಷ್ಟ್ರು ಅದನ್ನು ಒರೆಸಿದರು. "ಆಯ್ತು ಅತ್ತಿಗೆ, ನಾಳೆನೇ ಮಾಡೋಣ" ಎಂದ.

ನಿಜವಾದ ನೀರಿನ ದಡದಿಂದ,
ಇನ್ನು ತಮ್ಮ ಹಂಗಿಲ್ಲದ, ಆದರೂ ತಮ್ಮ ವಿಶ್ವಾಸಿ,
ಅಕುಮು

ವಿ.ಸೂ.: ತಮ್ಮ ಸರೋವರದಲ್ಲಿ ಒಂದೂ ಮೀನಿಲ್ಲವೆಂದು ನಾನು ಹೇಳಿದ್ದಕ್ಕೆ, ಮುಂದಿನ ಪಾಠದಲ್ಲಿ ಸೇರಿಸುತ್ತೇವೆ ಎಂದಿದ್ದಾರೆ ಮೇಷ್ಟ್ರು. ಸಂತೋಷ. ಹಿಡಿಯಲು ದಯವಿಟ್ಟು ಯಾರನ್ನೂ ಕಳಿಸಬೇಡಿ. ನಾಳೆ ಹತ್ತು ಗಂಟೆಗೆ ಕಾಯಿಯನ್ನು ಹೂಳುತ್ತೇವೆ.