ಮಾವನ ಗಂಜಿ, ಡಾಕ್ಟರ ರಬ್ಬರ್ ನಳಿಗೆ

ಪುಣೆಯಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಆಗಿ ಬಂದವನು ಒಂದು ಬಟ್ಟಲು ಗಂಜಿ ಅಪಾಯ ತರುತ್ತದೆಂದರೆ ನಂಬುತ್ತಾನೆಯೇ? ನಾನೂ ನಂಬಲಿಲ್ಲ.

ಬನಹಟ್ಟಿಯಲ್ಲಿ ನನ್ನ ಮಾವನವರದು ನೇಕಾರರ ಮನೆ. ಮಗ್ಗಕ್ಕೇರಿಸುವ ಮುಂಚೆ ನೂಲಿಗೆ ಗಂಜಿ ಹಾಕುವುದು ಅಲ್ಲಿನ ಪದ್ಧತಿ. ಒಂದು ಮಧ್ಯಾಹ್ನ ಆ ಗಂಜಿ ಹಿತ್ತಲಲ್ಲಿ ಆರುತ್ತಿತ್ತು. ನನಗೋ ಹಸಿವು.

“ಅಳಿಯಾರ, ಅದನ್ನ ಮುಟ್ಟಬ್ಯಾಡ್ರಿ. ನೂಲಿನ ಗಂಜಿ ಅದು,” ಎಂದರು ಮಾವ.

“ಜ್ವಾಳದ ಹಿಟ್ಟಿಂದ ಹೌದಲ್ರಿ? ನೂಲು ಕುಡಿಯೋದನ್ನ ಮನಷ್ಯಾ ಯಾಕ ಕುಡೀಬಾರದು? ಎಲ್ಲಾ ಮೂಢನಂಬಿಕಿ!”

ಅವರು ಉತ್ತರ ಕೊಡುವಷ್ಟರಲ್ಲಿ ಬಟ್ಟಲು ಖಾಲಿ! ಒಂದೇ ಬಟ್ಟಲೋ ಎರಡೋ, ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಮಜ್ಜಿಗೆ ಬೆರೆಸಿಕೊಂಡು “ಭೇಷ್” ಎಂದೆನೆಂದು ಹೆಂಡತಿ ಗಂಗವ್ವ ಇಂದಿಗೂ ಸಾಕ್ಷಿ ಹೇಳುತ್ತಾಳೆ.

“ಅಯ್ಯಯ್ಯೋ! ಬೂಸ್ಟು ಹಿಡೀಬಾರದಂತ ಅದರಾಗ ಮೈಲುತುತ್ತ ಹಾಕೀನ್ರೀ!” ಎಂದು ಚೀರಿದರು ಮಾವ.

ಮೈಲುತುತ್ತ ವಿಷವೆಂಬುದು ನನಗೆ ಗೊತ್ತಿತ್ತು. ಗಂಜಿಯ ನೀಲಿ ಛಾಯೆಯನ್ನೂ ಕಂಡಿದ್ದೆ. ಹಿತ್ತಾಳೆ ಪಾತ್ರೆಯ ಕಿಲುಬಿನ ಬಣ್ಣವೆಂದು ತರ್ಕಿಸಿದ್ದೆ!

ನಾನು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಳಿತೆ. ಊರ ಡಾಕ್ಟರು ಪರಸ್ಥಳಕ್ಕೆ ಹೋಗಿದ್ದರು. ಮಾವ ಗಾಡಿ ಹೂಡಿ ಪಕ್ಕದ ರಬಕವಿಗೆ ಓಡಿಸಿದರು. ಬನಹಟ್ಟಿ ಜಮಖಂಡಿ ಸಂಸ್ಥಾನ, ರಬಕವಿ ಸಾಂಗಲಿ ಸಂಸ್ಥಾನ. ಒಬ್ಬ ರಾಜರ ಸೀಮೆಯಲ್ಲಿ ಕುಡಿದದ್ದನ್ನು ಇನ್ನೊಬ್ಬ ರಾಜರ ಸೀಮೆಯಲ್ಲಿ ಹೊರಹಾಕುವ ಯೋಗ ನನ್ನದು! ಗಂಗವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಸಾಯಬ್ಯಾಡ್ರಿ, ನಿಮ್ಮ ಪಾದಾ ಹಿಡೀತೇನಿ,” ಎಂದು ಅಳುತ್ತಿದ್ದಳು. ಅದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಅಲ್ಲಿನ ಡಾಕ್ಟರು ಒಂದು ರಬ್ಬರ್ ನಳಿಗೆ ಹೊರತೆಗೆದರು. ನನ್ನ ನೆನಪಿನಲ್ಲಿ ಅದು ಬಾವಿಯ ಹಗ್ಗದಷ್ಟು ದಪ್ಪ. ಹುಣಸೆಕಾಯಿಗಿಂತ ತೆಳ್ಳಗಿತ್ತೆನ್ನುತ್ತಾಳೆ ಗಂಗವ್ವ.

“ನುಂಗ್ರಿ,” ಎಂದರು ಡಾಕ್ಟರು. “ಹೊಟ್ಟಿ ತೊಳೀಬೇಕು.”

“ಅದು ಶ್ವಾಸನಾಳಕ್ಕ ಹೋಗೂದಿಲ್ಲಂತ ಏನ ಪುರಾವೆ?” ಎಂದೆ.

ಬಾಯಿ ತೆರೆದದ್ದೇ ತಪ್ಪಾಯಿತು! ನಳಿಗೆ ಒಳಗೆ ನುಗ್ಗಿತು. ನಾನು ಬಿಡುವೆನೇ? ನಳಿಗೆಯ ಪಕ್ಕದಿಂದಲೇ ನನ್ನ ಆಕ್ಷೇಪವನ್ನು ಮುಂದುವರಿಸಿದೆ.

“ಒದರಾಕತ್ತಾರಲ್ಲ, ಭಾಳ ಛಲೋ ಆತು!” ಎಂದರು ಡಾಕ್ಟರು. “ಶ್ವಾಸನಾಳಕ್ಕ ಹೋಗಿದ್ರ ದನಿ ಬರ್ತಿದ್ದಿಲ್ಲ. ಒದರ್ರಿ, ಇನ್ನೂ ಒದರ್ರಿ!”

ಜೀವಮಾನದಲ್ಲಿ ಮೊದಲ ಬಾರಿ ನನ್ನ ವಾದ ಒಬ್ಬರಿಗೆ ಉಪಯೋಗಕ್ಕೆ ಬಂತು!

ನಳಿಗೆಯ ಮೇಲ್ತುದಿಯ ಆಲಿಕೆಗೆ ಬೆಚ್ಚನೆಯ ನೀರು ಸುರಿಯುವುದು, ಆಲಿಕೆ ಕೆಳಗಿಳಿಸುವುದು. ಬೋಗುಣಿಗೆ ನೀಲಿ ನೀರು ಇಳಿಯಿತು. ಮತ್ತೆ ಸುರಿದರು, ಮತ್ತೆ ಇಳಿಸಿದರು. ನೀರು ತಿಳಿಯಾಗುವವರೆಗೂ ಆ ಪುಣ್ಯಾತ್ಮ ಬೇಸರಿಸಲಿಲ್ಲ. ನಾನು ಅವರನ್ನು ಕಾಲಿನಿಂದ ಒದ್ದೆ, ಬೆರಳನ್ನೂ ಕಚ್ಚಿದೆ. ಅವರ ಕೈ ಮಾತ್ರ ನನ್ನ ಬೆನ್ನು ಸವರುತ್ತಲೇ ಇತ್ತು. ನಾನು ಇಂದು ಉಸಿರಾಡುತ್ತಿರುವುದು ಆ ಕೈಯಿಂದ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಸಂಶಯವಿಲ್ಲದ ಸಂಗತಿ ನನಗೆ ಬೇರೊಂದಿಲ್ಲ.

“ಪ್ರಾಣ ಉಳೀತು,” ಎಂದರು ಡಾಕ್ಟರು. ಮಾವ ಅಲ್ಲೇ ಅಡ್ಡಬಿದ್ದರು. ಗಂಗವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನನ್ನ ಕಣ್ಣೂ ತುಂಬಿ ಬಂತು. ಕೃತಜ್ಞತೆ ಹೇಳಲು ಬಾಯಿ ತೆರೆದೆ. ದನಿಯೇ ಹೊರಡಲಿಲ್ಲ!

“ಗಂಟಲಾ ತರಚೇತಿ. ಒಂದು ವಾರ ಮಾತಾಡಬಾರದು,” ಎಂದರು ಡಾಕ್ಟರು.

ಮಾವ ಮೇಲೆದ್ದು ಕಣ್ಣೊರೆಸಿಕೊಂಡರು. ಮಗಳ ಮುಖ ನೋಡಿದರು. ಮತ್ತೊಮ್ಮೆ ಅಡ್ಡಬಿದ್ದರು.

“ಡಾಕ್ಟರ್ ಸಾಹೇಬ್ರ,” ಎಂದರು ಮೆಲ್ಲಗೆ, “ಆ ಒಂದು ವಾರಾನ್ನ ಹದಿನೈದು ದಿನಾ ಮಾಡಾಕ ಬರ್ತೈತೇನ್ರೀ?”