ಸಾಹೇಬರ ಮೀನೂ ಸವಳು ನೀರೂ

ಗಾಜಿನ ಪಾತ್ರೆ ಒಡೆಯಬಹುದಿತ್ತು. ಬೆಕ್ಕು ಹಾರಬಹುದಿತ್ತು. ಕಾಗೆ ಕಚ್ಚಿಕೊಂಡು ಹೋಗಬಹುದಿತ್ತು. ಮೀನೇ ಬೇಸತ್ತು ಹೊರಗೆ ಜಿಗಿಯಬಹುದಿತ್ತು. ನಾನು ಮೀನು ತಿನ್ನುತ್ತೇನೆಂದು ಓಣಿಯಲ್ಲಿ ಸುದ್ದಿ ಹಬ್ಬಿ ಮಗಳ ಸಂಬಂಧ ಮುರಿಯಬಹುದಿತ್ತು. ಇವಿಷ್ಟನ್ನೂ ಮೀನು ನಮ್ಮ ಹೊಸ್ತಿಲು ದಾಟುವುದರೊಳಗೆ ಚಿಂತಿಸಿ ಮುಗಿಸಿದ್ದೆ. ಆದ್ದರಿಂದ ನನಗೆ ಪೂರ್ಣ ಧೈರ್ಯವಿತ್ತು!

ಮಕ್ಕಳಿಗೆ ಮೈಲಿ ಬೇನೆ ಬರದಂತೆ ತೋಳಿಗೆ ಲಸಿಕೆ ಚುಚ್ಚುವುದು, ಅಂದರೆ ದೇವಿ ಹಾಕುವುದು, ನನ್ನ ಸರಕಾರಿ ಕೆಲಸ. ಹುನಗುಂದದ ಹಳ್ಳಿಗಳನ್ನು ಸುತ್ತಿ ಸುತ್ತಿ ಮೊಳಕಾಲು ಸವೆದಿದ್ದವು; ರಜೆ ಹಾಕಿ ಮನೆಗೆ ಬಂದಿದ್ದೆ. ಮನೆಯಿರುವ ಬಾಗಲಕೋಟೆಯಲ್ಲೇ ಒಂದು ಜಾಗ ತೆರವಾಗಿತ್ತು. ಕೊಡುವುದು ನಮ್ಮ ಸಾಹೇಬರ ಕೈಯಲ್ಲಿತ್ತು. ಅವರು ಧಾರವಾಡದಿಂದ ಬಿಜಾಪುರದ ಮನೆಗೆ ಹೊರಟವರು, ನಡುವೆ ಇಳಕಲ್ಲ ಕಡೆ ತಿಂಗಳೊಪ್ಪತ್ತಿನ ತಪಾಸಣೆಗೆಂದು ಇಲ್ಲಿ ರೈಲು ಇಳಿದರು. ಕೈಯಲ್ಲಿ ಗಾಜಿನ ಪಾತ್ರೆ, ಅದರೊಳಗೊಂದು ಬಂಗಾರ ಬಣ್ಣದ ಮೀನು. ಅವರ ಮಗಳಿಗೆ ಯಾರೋ ಬಿಳಿ ದೊರೆಸಾನಿ ಕೊಟ್ಟದ್ದಂತೆ.

"ಚಕ್ಕಡ್ಯಾಗ ಇದು ಉಳಿಯಂಗಿಲ್ಲ. ನಾ ಬರೂತನಕಾ ಜ್ವಾಕಿ ಮಾಡ್ರಿ. ಬಂದ ಮ್ಯಾಲೆ ನಿಮ್ಮ ಬದಲಿ ವಿಚಾರ ಮಾಡೂಣು" ಎಂದರು.

ಹೆಂಡತಿ ಒಂದೇ ಕರಾರು ಹಾಕಿದಳು: "ಮೀನಾಗ್ಲಿ, ಅದರ ನೀರಾಗ್ಲಿ, ನನ್ನ ಅಡಿಗಿಮನಿಗೆ ಬರಬಾರದು!"

ಕೆಲವು ದಿನಗಳಲ್ಲೇ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಅದು ತಳದ ಹರಳಿಗೆ ಮೈ ಉಜ್ಜತೊಡಗಿತು.

"ಅಯ್ಯ ಶಿವನ, ಮೀನಿಗೆ ಅಮ್ಮ ಬಂದಾಳ್ರಿ!" ಎಂದಳು ಹೆಂಡತಿ.

ಊರಿಗೆಲ್ಲ ಬುದ್ಧಿ ಹೇಳುವ ನಾನೇ ಬೇವಿನ ಸೊಪ್ಪು ತಂದು ಪಾತ್ರೆಗೆ ಸುತ್ತಿದೆ. ಪಕ್ಕದ ಮನೆಯ ಬಳೆ ವ್ಯಾಪಾರಿ ಹುಸೇನಸಾಬ ಗೋಡೆಯ ಮೇಲಿಂದ ಇಣುಕಿದ.

"ಯಾಕ್ರಿ ಡಾಕ್ಟರ, ಊರ ಮಕ್ಕಳಿಗೆಲ್ಲಾ ದೇವಿ ಹಾಕಿದ್ರಿ, ಮನ್ಯಾಗಿನ ಮೀನಿಗೆ ಹಾಕಲಿಲ್ಲೇನು?"

"ಅದಕ್ಕ ತೋಳು ಎಲ್ಲೈತೋ ಮಾರಾಯಾ!" ಎಂದೆ. ಸಂಜೆಯೊಳಗೆ ಈ ಮಾತು ಪೇಟೆ ಸುತ್ತಿ, ನನಗಿಂತ ಮೊದಲೇ ಮನೆಗೆ ಬಂದಿತ್ತು.

ಬೇವಿಗೆ ಚುಕ್ಕೆಗಳು ಬಗ್ಗಲಿಲ್ಲ. ಊಟ ಬಿಟ್ಟು ಪಾತ್ರೆಯ ಮುಂದೆ ಕೂತೆ. ಕೊನೆಗೆ ಹೆಂಡತಿಯೇ, "ಬಾಯಿ ಹುಣ್ಣಾದ್ರ ನಾವು ಉಪ್ಪುನೀರು ಮುಕ್ಕಳಸೂದಿಲ್ಲೇನ್ರಿ? ಪಾಪ, ಅದು ಹಗಲೆಲ್ಲಾ ಮುಕ್ಕಳಸಾಕತ್ತೈತಿ. ಉಪ್ಪರ ಹಾಕ್ರಿ!" ಎಂದಳು.

ಹಾಕಿದೆ. ದಿನವೂ ಒಂದಿಷ್ಟು ನೀರು ತೆಗೆದು ಹೊಸ ಉಪ್ಪುನೀರು ಸುರಿದೆ. ಚುಕ್ಕೆಗಳು ಉದುರಿದವು! ಗೆದ್ದೆನೆಂದು ಉಪ್ಪು ನಿಲ್ಲಿಸಿದೆ. ಚುಕ್ಕೆಗಳು ಬಳಗ ಕಟ್ಟಿಕೊಂಡು ಮರಳಿದವು! ಮತ್ತೆ ಉಪ್ಪು. ಈ ಸಲ ಹೊಸ ಚಿಂತೆ ಹತ್ತಿತು: ಮಾಗಿಯ ಚಳಿಯಲ್ಲಿ ತಣ್ಣೀರು ಸುರಿದರೆ ಮೀನಿಗೆ ನೆಗಡಿಯಾದರೆ? ಹೆಂಡತಿ ಕಾಣದಂತೆ ಉಪ್ಪುನೀರಿನ ತಂಬಿಗೆಯನ್ನು ಅಡಿಗೆಮನೆಯ ಒಲೆಯ ಬದಿಗಿಟ್ಟು ಬೆಚ್ಚಗೆ ಮಾಡತೊಡಗಿದೆ.

ಮೀನು ಗುಣವಾಯಿತು. ಹೊಸ ಬಂಗಾರದ ಒಡವೆಯಂತೆ ಹೊಳೆಯಿತು. ಅದೇ ದಿನ ಸಾಹೇಬರು ಬಂದರು, ನೋಡಿದರು, ಹಿಗ್ಗಿದರು.

"ಶಾಬ್ಬಾಸ್! ಬಾಗಲಕೋಟಿ ಜಾಗಾ ನಿಮ್ದ ಅಂತ ತಿಳೀರಿ!"

ನಾನು ಒಳಗೆ ಕೂಗಿದೆ: "ಸಾಹೇಬ್ರಿಗೆ ಲಗೂನ ಚಹಾ!"

ಲಗೂನೇ ಬಂತು. ಸಾಹೇಬರು ಒಂದು ಗುಟುಕು ಕುಡಿದರು. ಹುಬ್ಬು ರುಮಾಲಿನೊಳಗೆ ಹೋಗಿ ಅಡಗಿತು.

"ಇದೇನ್ರಿ, ಚಹಾದಾಗ ಉಪ್ಪು?"

ಒಲೆಯ ಬದಿಯ ತಂಬಿಗೆ ಕಣ್ಣ ಮುಂದೆ ಬಂತು; ಬೆಚ್ಚಗಿನ ನೀರು ಸಿಕ್ಕಿತೆಂದು ಹೆಂಡತಿ ಅದನ್ನೇ ಚಹಾಕ್ಕೆ ಸುರಿದಿದ್ದಳು. ನಿಜ ಹೇಳಿದರೆ ಮೀನಿನ ಔಷಧವನ್ನು ಸಾಹೇಬರಿಗೆ ಕುಡಿಸಿದಂತೆ. ಬಾಗಿಲ ಹಿಂದೆ ನಿಂತ ಹೆಂಡತಿಗೂ ತಿಳಿದಂತೆ.

"ನಮ್ಮ ಓಣಿ ನೀರೇ ಸವಳ್ರಿ, ಸಾಹೇಬ್ರ" ಎಂದೆ.

ಸಾಹೇಬರ ಮುಖದಲ್ಲಿ ಕರುಣೆ ಉಕ್ಕಿತು. "ಅರೆ ಅರೆ! ಇಂಥಾ ನೀರು ಕುಡದಽ ನಿಮ್ಮ ಮೊಳಕಾಲು ಹಿಂಗಾಗ್ಯಾವ. ಇಲ್ಲಿ ಇಟ್ಟರ ನಾ ನಿಮ್ಮನ್ನ ಕೊಂದಂಗ! ಹುನಗುಂದ ಕಡೆ ನೀರು ಭಾಳ ಸವಿ ಅದ. ನಿಮ್ಮನ್ನ ಅಲ್ಲೇ ಕಾಯಂ ಮಾಡ್ತೇನಿ!"

ಮೀನು ರೈಲಿನಲ್ಲಿ ಬಿಜಾಪುರಕ್ಕೆ ಹೋಯಿತು. ನಾನು ಚಕ್ಕಡಿಯಲ್ಲಿ ಹುನಗುಂದಕ್ಕೆ ಹೊರಟೆ. ತಂಬಿಗೆಯಲ್ಲಿ ಉಳಿದ ನೀರಿನ ರುಚಿ ನೋಡಿದ್ದ ಹೆಂಡತಿ ಅಂದಿನಿಂದ ಮಾತಾಡಿರಲಿಲ್ಲ, ಆದರೆ ಬುತ್ತಿ ಕಟ್ಟಿಕೊಟ್ಟಿದ್ದಳು. ಎಷ್ಟಾದರೂ ಹೆಂಡತಿ ಎಂದು ಕಣ್ಣು ತುಂಬಿ, ಶಿರೂರು ದಾಟಿದ ಮೇಲೆ ಗಂಟು ಬಿಚ್ಚಿ ತುತ್ತು ಬಾಯಿಗಿಟ್ಟೆ.

ಪಲ್ಯಕ್ಕೆ ಉಪ್ಪೇ ಹಾಕಿರಲಿಲ್ಲ!