ಐವತ್ತು ತುಂಬಲಿ ಎಂದ ನಾನು

ಮೂವತ್ತೆರಡು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ನನಗೆ ಮನೆಯ ಗಂಡಸರ ಆರೋಗ್ಯವನ್ನು ದಾರಿಗೆ ತರುವುದು ನೀರು ಕುಡಿದಷ್ಟು ಸುಲಭ ಎನಿಸಿತ್ತು. ಹೋದ ವರ್ಷ ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದು, ಬೇಗ ಗೊತ್ತಾದ್ದರಿಂದ ಗುಣವೂ ಆಯಿತು. ಆಗಲೇ ಘೋಷಿಸಿದೆ: ಈ ಮನೆಯ ಗಂಡಸರೆಲ್ಲ ಐವತ್ತು ತುಂಬಿದ ದಿನವೇ ಪರೀಕ್ಷೆಗೆ ಹೊರಡತಕ್ಕದ್ದು!

ಗಂಡಸರೆಲ್ಲ ಎಂದರೆ ಉಳಿದವನು ಒಬ್ಬನೇ ಮಗ. ನಲವತ್ತಾರರ ದಂತವೈದ್ಯ. ದಿನವಿಡೀ ಊರಿನವರ ಬಾಯಿಗೆ ಸೂಜಿ ಚುಚ್ಚುವ ಈ ಶೂರ, ತನ್ನ ತೋಳಿನ ಬಳಿ ಸೂಜಿ ಬಂದರೆ ಬೆಳ್ಳಗಾಗುತ್ತಾನೆ. ನಾಲ್ಕು ವರ್ಷ ಬಿಡುವು ಸಿಕ್ಕಿತೆಂದು ಹಿಗ್ಗಿದ.

ಸೊಸೆ ಔಷಧದಂಗಡಿ ನಡೆಸುತ್ತಾಳೆ. "ಅತ್ತೆ, ಐವತ್ತು ಸರಾಸರಿ ಗಂಡಸರಿಗೆ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ರೆ ನಲವತ್ತೈದಕ್ಕೇ ಡಾಕ್ಟರ ಹತ್ರ ಮಾತಾಡ್ಬೇಕು," ಎಂದಳು.

"ಸರಾಸರಿ ಅಂದ್ರೇನು ಅಂತ ನನಗೆ ಹೇಳಿಕೊಡ್ತೀಯಾ?"

"ನಿಮ್ಮ ಮಗ ಸರಾಸರಿ ಅಲ್ವಲ್ಲ ಅತ್ತೆ. ಮಾವನ ಮಗ."

ವೈದ್ಯರೂ ಅವಳ ಪಕ್ಷವೇ. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್ಎ ರಕ್ತಪರೀಕ್ಷೆಯಿಂದ ಶುರು ಮಾಡೋಣ ಎಂದರು. ಮಗ ನನ್ನ ಆದೇಶವನ್ನೇ ಗುರಾಣಿಯಾಗಿ ಹಿಡಿದ.

"ಐವತ್ತು ಅಂದವಳು ನೀನೇ ಅಮ್ಮ. ಮಾತಿಗೆ ತಪ್ಪಬೇಡ."

"ಮಾತೂ ನಂದು, ತಪ್ಪೂ ನಂದು. ನಡಿ."

ಹೋದ ಮಾನ ಉಳಿಸಿಕೊಳ್ಳಲು ಉಸ್ತುವಾರಿಯನ್ನು ನಾನೇ ವಹಿಸಿಕೊಂಡೆ. ಭಯಕ್ಕೆ ಬೆವರೇ ಮದ್ದು ಎಂದು ಎರಡು ದಿನ ಅವನಿಂದ ಸೈಕಲ್ ತುಳಿಸಿದೆ. ಮೂರನೆಯ ಬೆಳಿಗ್ಗೆ ರಕ್ತ ಕೊಡುವುದಕ್ಕೂ ಸೈಕಲ್ಲಿನಲ್ಲೇ ಅಟ್ಟಿದೆ, ಊರು ಒಂದು ಸುತ್ತು ಹಾಕಿಸಿ.

ಪಿಎಸ್ಎ ಅಂಕಿ ಅಟ್ಟ ಹತ್ತಿ ಕೂತಿತ್ತು. ಯಜಮಾನರು ಮಗನ ಪಕ್ಕದಲ್ಲಿ ಕೂತು, "ನನಗೂ ಹೀಗೇ ಶುರುವಾಗಿದ್ದು ಕಣೋ," ಎಂದು ಧೈರ್ಯ ತುಂಬಲು ಹೋಗಿ, ಇದ್ದದ್ದನ್ನೂ ಕಸಿದುಕೊಂಡರು. ನಾನು ಪುಸ್ತಕದ ಒಂದೇ ಪುಟವನ್ನು ನಾಲ್ಕು ಸಲ ಓದಿದೆ. ಒಂದಕ್ಷರ ತಲೆಗೆ ಹೋಗಲಿಲ್ಲ.

ವರದಿ ನೋಡಿದ ವೈದ್ಯರು ಕೇಳಿದರು: "ಸೈಕಲ್ ಏನಾದ್ರೂ ತುಳಿದ್ರಾ?"

ಮಗ ನನ್ನನ್ನು ನೋಡಿದ. ಸೊಸೆಯೂ ನೋಡಿದಳು. ನಾನು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡಿದೆ.

"ಸೀಟಿನ ಒತ್ತಡದಿಂದ್ಲೂ ಅಂಕಿ ಏರಬಹುದು. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡೋಣ."

ಆರು ವಾರದ ಮೇಲೆ ಸೊಸೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದಳು. ಅಂಕಿ ತೆಪ್ಪಗೆ ಇಳಿದಿತ್ತು. ಬರುವಾಗ ವೈದ್ಯರು ಮುಂದಿನ ಪರೀಕ್ಷೆಗೆ ಸೂಚನೆಯ ಚೀಟಿ ಬರೆದುಕೊಟ್ಟಿದ್ದರು. ಕನ್ನಡಕ ಹಾಕಿಕೊಂಡು, ಎಲ್ಲರಿಗೂ ಕೇಳಲೆಂದು ಗಟ್ಟಿಯಾಗಿ ಓದಿದೆ:

"ಎರಡು ದಿನ ಮುಂಚಿನಿಂದ ಸೈಕಲ್ ಬೇಡ. ತಾಯಿಯ ಸಲಹೆಯೂ ಬೇಡ."